ಭೋಗಿಯಲ್ಲಿ ಬಿಸಾಕಿದ ಕರ್ನಲ್

ನನಗೊಂದು ಚಟವಿದೆ, ಬಿಸಾಕುವುದು. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ಸೀರಿಯಲ್ಲು. ನನಗೆ ಕೆಲಸಕ್ಕೆ ಬಾರದ ಒಂದು ವಸ್ತುವನ್ನು ಎತ್ತಿ ಹೊಸ್ತಿಲಾಚೆ ಹಾಕಿದಾಗ ಸಿಗುವ ಸುಖ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಹೀಗಾಗಿ ವರ್ಷದ ಹಬ್ಬಗಳಲ್ಲೆಲ್ಲ ನನ್ನ ಹಬ್ಬವೆಂದರೆ ಭೋಗಿ. ಪೊಂಗಲಿನ ಹಿಂದಿನ ದಿನ ಹಳೆಯ ಚಾಪೆ, ಮುರಿದ ಮೊರ, ಹರಿದ ಬುಟ್ಟಿ ಎಲ್ಲವನ್ನೂ ಬೀದಿಗೆ ತಂದು ಬೆಂಕಿಗೆ ಹಾಕಿ, ಉರಿಯದ್ದನ್ನು ಹಳೇ ಸಾಮಾನಿನವನಿಗೆ ಕೊಟ್ಟು, ಗೋಡೆಗೆ ಸುಣ್ಣ ಬಳಿದು ಕೂರುವ ಹಬ್ಬ. ಮಿಕ್ಕ ಹಬ್ಬಗಳೆಲ್ಲ ಏನಾದರೊಂದು ತಂದು ಮನೆಯಲ್ಲಿ ಗುಡ್ಡೆ ಹಾಕಿಸುತ್ತವೆ. ಮನೆ ಖಾಲಿ ಮಾಡು ಎಂದು ಅಪ್ಪಣೆ ಕೊಡುವ ಹಬ್ಬ ಇದೊಂದೇ.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಇದಕ್ಕೆ ತದ್ವಿರುದ್ಧ. ತಮಿಳುನಾಡಿನ ಸೇಲಂ ಸೀಮೆಯ ನಂಗವಳ್ಳಿಯಲ್ಲಿ ನಮ್ಮ ಮನೆಯ ಹಿಂಭಾಗದ ಮಗ್ಗದ ಕೋಣೆಯಲ್ಲಿ ಅವರು ರೇಷ್ಮೆ ಸೀರೆ ನೇಯುತ್ತಾರೆ. ಆ ಕೋಣೆಯ ಅಟ್ಟದ ಮೇಲೆ ಏನಿಲ್ಲ ಕೇಳಿ. ಸವೆದ ಲಾಳಿಗಳು, ಕೈ ಮುರಿದ ಕುರ್ಚಿ, ಓಡದ ಫ್ಯಾನು, ಹಿಡಿಯಿಲ್ಲದ ಕೊಡೆ, ಕೊಡೆಯಿಲ್ಲದ ಹಿಡಿ. ಪ್ರತಿ ಭೋಗಿಗೂ ನಾನು ಒಂದೊಂದನ್ನೇ ಹೊರಗೆ ತರುತ್ತೇನೆ, ಅವರು ಇನ್ನೊಂದು ಬಾಗಿಲಿಂದ ಒಂದೊಂದನ್ನೇ ಒಳಗೆ ಒಯ್ಯುತ್ತಾರೆ. ಮದುವೆಯಾದಾಗಿನಿಂದ ಇದು ನಡೆದಿದೆ. ಜಗಳವೇನೂ ಆಗುವುದಿಲ್ಲ, ಏಕೆಂದರೆ ಅವರು ಬಾಯಿ ಬಿಟ್ಟು ಮಾತನಾಡುವವರಲ್ಲ, ನಾನು ಉತ್ತರಕ್ಕೆ ಕಾಯುವವಳಲ್ಲ.

ನನ್ನ ಕೆಲಸ ಸೀರೆಗೆ ಡಿಸೈನು ಬರೆಯುವುದು. ನನ್ನ ಮಾವನ ಕಾಲದಲ್ಲಿ ಇದನ್ನು ಚೌಕಳಿ ಹಾಳೆಯ ಮೇಲೆ ಬರೆದು, ರಟ್ಟಿನ ಪಟ್ಟಿಗಳಲ್ಲಿ ತೂತು ಕೊರೆದು, ಆ ರಟ್ಟಿನ ಸರವನ್ನು ಮಗ್ಗದ ತಲೆಯ ಮೇಲೆ ಏರಿಸುತ್ತಿದ್ದರು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಈಗಿನ ಕಂಪ್ಯೂಟರುಗಳು ಹುಟ್ಟುವ ಎಷ್ಟೋ ಮೊದಲೇ ಮಗ್ಗಗಳು ಹೀಗೆ ಹೌದು, ಇಲ್ಲ ಎಂಬ ಎರಡೇ ಮಾತಿನಲ್ಲಿ ನವಿಲು, ಆನೆ, ಮಾವಿನಕಾಯಿ ಎಲ್ಲವನ್ನೂ ನೇಯುತ್ತಿದ್ದವು. ಕಂಪ್ಯೂಟರಿಗೆ ತೂತಿನ ರಟ್ಟು ಕೊಟ್ಟಿದ್ದೇ ಮಗ್ಗ ಎಂದು ತಿಳಿದವರು ಹೇಳುತ್ತಾರೆ. ಅದಕ್ಕೇ ಕಂಪ್ಯೂಟರು ನಮ್ಮ ಮನೆಗೆ ಬಂದಾಗ ನನಗೇನೂ ಹೊಸಬರು ಬಂದಂತೆ ಅನ್ನಿಸಲಿಲ್ಲ. ತವರಿಗೆ ಬಂದ ಹೆಣ್ಣುಮಗಳು ಎಂದುಕೊಂಡು ಮಣೆ ಹಾಕಿದೆ. ಈಗ ಪರದೆಯ ಮೇಲೆ ಬರೆದದ್ದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಮಗ್ಗದ ಮೇಲಿನ ಪೆಟ್ಟಿಗೆಗೆ ಚುಚ್ಚಿದರೆ ಆಯಿತು.

ಆ ಕಂಪ್ಯೂಟರಿನಲ್ಲಿ ಇರುವುದು ಲಿನಕ್ಸ್. ಬಿಟ್ಟಿ ಸಿಗುತ್ತದೆಂದು ಹಾಕಿಕೊಂಡೆ, ಬಿಟ್ಟಿಯದಕ್ಕೆ ಬುದ್ಧಿ ಖರ್ಚಾಗುತ್ತದೆ ಎಂದು ಆಮೇಲೆ ತಿಳಿಯಿತು. ಮನೆಯಲ್ಲಿ ಮಾತು ಕನ್ನಡ, ಓದಿದ್ದು ತಮಿಳು ಶಾಲೆ, ಕಂಪ್ಯೂಟರು ಇಂಗ್ಲಿಷು. ಅದು ಇಂಗ್ಲಿಷಿನಲ್ಲಿ ಬೈದರೆ ನಾನು ಕನ್ನಡದಲ್ಲಿ ತಿರುಗಿ ಬೈಯುತ್ತೇನೆ, ಪಕ್ಕದ ಮನೆಯವರು ತಮಿಳಿನಲ್ಲಿ ಸಮಾಧಾನ ಹೇಳುತ್ತಾರೆ. ಹೀಗೆ ಬೈದೂ ಬೈಸಿಕೊಂಡೂ ಕಲಿತ ವಿದ್ಯೆ ನನ್ನದು, ಆದ್ದರಿಂದ ಗಟ್ಟಿಯಾಗಿದೆ. ಅಪ್‌ಡೇಟ್ ಎಂದರೆ ಹೆದರಿ ಪರದೆಯ ಮೂಲೆಯ ಸೂಚನೆಯನ್ನು ತಿಂಗಳುಗಟ್ಟಲೆ ಮುಚ್ಚುತ್ತಾ ಕೂರುವವರನ್ನು ಕಂಡಿದ್ದೇನೆ. ನನಗಂತೂ ಆ ಹೆದರಿಕೆ ಇಲ್ಲ.

ಏಕಿಲ್ಲ ಎಂದು ಹೇಳುತ್ತೇನೆ. ಕರ್ನಲ್ ಎಂದರೆ ಕಾಯೊಳಗಿನ ತಿರುಳು. ಲಿನಕ್ಸಿನ ಒಳಗೆ ಕೂತು ಡಿಸ್ಕು, ಕೀಬೋರ್ಡು, ಪರದೆ ಎಲ್ಲರಿಗೂ ಕೆಲಸ ಹಂಚುವ ಯಜಮಾನ ಅದು. ಗ್ರಾಫಿಕ್ಸ್ ಡ್ರೈವರ್ ಎಂಬುದು ಆ ಯಜಮಾನನಿಗೂ ಚಿತ್ರ ಮೂಡಿಸುವ ಕಾರ್ಡಿಗೂ ನಡುವೆ ಮಾತು ದಾಟಿಸುವವನು. ಇವನನ್ನು ಆಯಾ ಕರ್ನಲಿನ ಮೈಗೆ ಅಳತೆ ಕೊಟ್ಟು ಹೊಲಿಸಬೇಕು, ರವಿಕೆ ಹೊಲಿಸಿದ ಹಾಗೆ. ಅಕ್ಕನ ಅಳತೆಯ ರವಿಕೆ ತಂಗಿಗೆ ಹಿಡಿಯುವುದಿಲ್ಲ. ಹೊಸ ಕರ್ನಲ್ ಬಂದಾಗ ಅದರ ಅಳತೆಯೂ, ಅಂದರೆ ಹೆಡರ್ಸ್ ಎಂಬ ಕಡತಗಳ ಕಟ್ಟೂ, ಜೊತೆಯಲ್ಲಿ ಬಂದಿದೆಯೇ, ಡ್ರೈವರ್ ಹೊಸದಾಗಿ ಹೊಲಿದಾಯಿತೇ ಎಂದು ನೋಡಿಕೊಳ್ಳಬೇಕು. ಆಮೇಲೆ ಮೆಷಿನನ್ನು ಆರಿಸಿ ಹಚ್ಚಬೇಕು. ಹಚ್ಚಿ, ಪರದೆ ಸರಿಯಾಗಿ ಬಂದು, ಒಂದು ವಾರ ಕೆಲಸ ಮಾಡಿ, ನಂಬಿಕೆ ಬರುವ ತನಕ ಹಳೆಯ ಕರ್ನಲನ್ನು ಮುಟ್ಟಬಾರದು. ಹೊಸದು ಕೈಕೊಟ್ಟರೆ ಮೆಷಿನ್ ಹಚ್ಚುವಾಗ ಬರುವ ಪಟ್ಟಿಯಲ್ಲಿ ಹಳೆಯದನ್ನು ಆರಿಸಿಕೊಂಡು ಏನೂ ಆಗದವರ ಹಾಗೆ ಕೆಲಸ ಮುಂದುವರಿಸಬಹುದು.

ಇದನ್ನು ನನಗೆ ಯಾವ ಕಂಪ್ಯೂಟರ್ ಸೆಂಟರಿನವರೂ ಕಲಿಸಬೇಕಾಗಿರಲಿಲ್ಲ. ಮಗ್ಗದ ಮನೆಗೆ ಸೊಸೆಯಾಗಿ ಬಂದವಳಿಗೆ ಮೊದಲು ಕಲಿಸುವುದೇ ಕೆಚ್ಚುವ ಕೆಲಸ. ಒಂದು ಹಾಸು, ಅಂದರೆ ಉದ್ದಕ್ಕೆ ಹಾಸಿದ ಎಳೆಗಳು, ನೇಯ್ದು ಮುಗಿದ ಮೇಲೆ ಸೀರೆಯನ್ನು ಕತ್ತರಿಸಿಕೊಳ್ಳುತ್ತೇವೆ, ಆದರೆ ಹಳೇ ಹಾಸಿನ ಬಾಲವನ್ನು ಎಳೆಗಳು ಹಾಯುವ ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತೇವೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಬೂದಿ ಮುಟ್ಟಿಸಿ ಬೆರಳಲ್ಲಿ ಹೊಸೆದು ಕೂಡಿಸುತ್ತೇವೆ. ಎಲ್ಲ ಕೂಡಿದ ಮೇಲೆ ಮೆಲ್ಲಗೆ ಎಳೆದರೆ ಹಳೆಯದು ಹೊಸದನ್ನು ಕೈಹಿಡಿದು ಹಣಿಗೆ ದಾಟಿಸುತ್ತದೆ. ಅದು ದಾಟಿದ ಮೇಲಷ್ಟೇ ಹಳೆಯದಕ್ಕೆ ಬಿಡುಗಡೆ. ಅವಸರಪಟ್ಟು ಬಾಲ ಕತ್ತರಿಸಿದಿರೋ, ಸಾವಿರಾರು ಎಳೆಗಳನ್ನು ಹಣಿಗೆಯ ಸಂದುಗಳಲ್ಲಿ ಹೊಸದಾಗಿ ಪೋಣಿಸುತ್ತ ಕೂರಬೇಕು. ನಮ್ಮಲ್ಲಿ ತಲೆಕೆಟ್ಟವರೂ ಆ ಕೆಲಸ ಮಾಡುವುದಿಲ್ಲ. ಮಹಾ ಬಿಸಾಕುಗಾತಿಯಾದ ನಾನೂ ಅದರ ತಂಟೆಗೆ ಹೋದವಳಲ್ಲ.

ಇಷ್ಟು ಹೇಳಿ ಈಗ ಕತೆಗೆ ಬರುತ್ತೇನೆ.

ಕಾರಿಮಂಗಲದಲ್ಲಿ ನನ್ನ ದೊಡ್ಡ ನಾದಿನಿ ಇದ್ದಾರೆ, ಅಂದರೆ ನಮ್ಮ ಮನೆಯವರ ಅಕ್ಕ. ಅವರ ಮಗಳು ಪವಿತ್ರಾಳಿಗೆ ಪೊಂಗಲಿನ ದಿನ ಹುಟ್ಟುವ ತೈ ತಿಂಗಳಲ್ಲಿ ಮದುವೆ ಗೊತ್ತಾಯಿತು. ಸೋದರಮಾವ ತಂದ ಸೀರೆ ಉಟ್ಟು ಹೆಣ್ಣು ಮುಹೂರ್ತಕ್ಕೆ ಕೂರಬೇಕು, ಅದು ಪದ್ಧತಿ. ಸೋದರಮಾವನೇ ನೇಕಾರನಾಗಿದ್ದರೆ ಅಂಗಡಿಯಿಂದ ತರಲಾದೀತೇ? ನಮ್ಮ ಮನೆಯವರು ಸೋದರಸೊಸೆಯ ಸೀರೆಗೆಂದು ಕೆಂಪು ಹಾಸು ಕೆಚ್ಚಿಸಿ, ಬೇರೆ ಯಾವ ಕೆಲಸವನ್ನೂ ಒಪ್ಪದೆ, ಮಗ್ಗ ಸಿದ್ಧ ಮಾಡಿಕೊಂಡು ಕೂತಿದ್ದರು. ಅಂಚಿಗೆ ಏನು ಬೇಕಮ್ಮ ಎಂದು ನಾನು ಫೋನಿನಲ್ಲಿ ಕೇಳಿದಾಗ ಹುಡುಗಿ ನವಿಲೂ ಬೇಡ ಹಂಸವೂ ಬೇಡ, ಗುಬ್ಬಿ ಬೇಕು ಎಂದಳು. ಚಿಕ್ಕವಳಿದ್ದಾಗ ರಜೆಗೆ ಬಂದು ನಮ್ಮ ಮಗ್ಗದ ಕೋಣೆಯ ತೊಲೆಯಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳನ್ನು ನೋಡುತ್ತ ಮಾವನ ಪಕ್ಕದಲ್ಲೇ ಮಲಗುತ್ತಿದ್ದಳು. ಆ ಮಾತು ಕೇಳಿದ ದಿನ ಇವರು ಎರಡು ತುತ್ತು ಹೆಚ್ಚಿಗೆ ಉಂಡರು.

ಗುಬ್ಬಿ ಬರೆಯುವುದು ನವಿಲಿಗಿಂತ ಕಷ್ಟ. ನವಿಲಿನ ತಪ್ಪನ್ನು ಅದರ ಬಾಲ ಮುಚ್ಚುತ್ತದೆ, ಗುಬ್ಬಿಗೆ ಮುಚ್ಚಿಕೊಳ್ಳಲು ಏನೂ ಇಲ್ಲ. ಅಳಿಸಿ, ಬರೆದು, ಮತ್ತೆ ಅಳಿಸಿ, ಭೋಗಿಯ ಬೆಳಿಗ್ಗೆ ಕೊನೆಯ ಗುಬ್ಬಿಯ ಕೊಕ್ಕು ಸರಿಹೋಯಿತು. ಪೆನ್‌ಡ್ರೈವಿಗೆ ಹಾಕಿಕೊಳ್ಳುವಷ್ಟರಲ್ಲಿ ಬೀದಿಯಲ್ಲಿ ಬೆಂಕಿ ಹಚ್ಚಿದ ಸದ್ದು ಕೇಳಿಸಿತು. ನನ್ನ ಹಬ್ಬ ನನ್ನನ್ನು ಕರೆಯಿತು. ಚಾಪೆ ಹೊತ್ತುಕೊಂಡು ಓಡಿದೆ.

ನಾನು ಹೊರಗೆ ಬಿಸಾಕುತ್ತಿದ್ದ ಹೊತ್ತಿನಲ್ಲಿ ನಮ್ಮ ಮನೆಯವರು ಒಳಗೆ ಕಂಪ್ಯೂಟರಿನ ಮುಂದೆ ಕೂತರು. ಅವರಿಗೆ ಅಷ್ಟಿಷ್ಟು ಬರುತ್ತದೆ, ಕಲಿಸಿದವಳು ನಾನೇ. ಹೊಸ ಕರ್ನಲ್ ಬಂದಿದೆ, ಆದರೆ ಇಡಲು ಜಾಗ ಸಾಲದು ಎಂದು ಪರದೆಯ ಮೇಲೆ ಸೂಚನೆ ಬಂದಿತಂತೆ. ಅವರು ಏನು ಮಾಡಬೇಕಿತ್ತು? ನನ್ನನ್ನು ಕರೆಯಬೇಕಿತ್ತು. ಏನು ಮಾಡಿದರು? ಹಳೆಯ ಕರ್ನಲುಗಳನ್ನೆಲ್ಲ ಒಂದೂ ಉಳಿಸದೆ ಗುಡಿಸಿದರು, ಆ ಗುಡಿಸಾಟದಲ್ಲಿ ಅಳತೆಯ ಕಟ್ಟೂ ಹೋಯಿತು. ಹೊಸದನ್ನು ಕೂರಿಸಿದರು, ಮೆಷಿನ್ ಆರಿಸಿ ಹಚ್ಚಿದರು. ಪರದೆ ಕಪ್ಪಗೆ ನಿಂತಿತು.

ಕೈಯ ಮಸಿ ತೊಳೆದು ಒಳಗೆ ಬಂದ ನನಗೆ ಆ ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂತಿದ್ದ ಗಂಡನ ಮುಖ ಕಾಣಿಸಿತು. ಏನಾಯಿತೆಂದು ಕೇಳಿದೆ.

"ಅಳೇದೆಲ್ಲ ತೆಗೆದಾಕ್ಬುಟ್ಟೆ ಸರೋಜಾ. ಬೋಗಿ ಅಲ್ವಾ, ನಿಂಗೂ ಕುಸಿ ಆಗ್ಲಿ ಅಂತ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಡಿಯಿಲ್ಲದ ಕೊಡೆಯನ್ನು ಬಿಸಾಕದ ಮನುಷ್ಯ ಜೀವಮಾನದಲ್ಲಿ ಒಮ್ಮೆ ಬಿಸಾಕಿದರು, ಅದೂ ನನ್ನ ಮಾತು ಕೇಳಿ, ಅದೂ ಕರ್ನಲನ್ನು. ಇಷ್ಟು ವರ್ಷ ನಾನು ಬಡಿದುಕೊಂಡ ಉಪದೇಶ ಫಲಿಸಲು ಇದೇ ಜಾಗ ಸಿಕ್ಕಿತೇ?

"ಮಗ್ಗದಾಗೆ ಯಾವತ್ತಾನಾ ಬಾಲ ಕತ್ರಿಸಿದ್ದೀರಾ? ಇಲ್ಲಿ ಯಾಕೆ ಕತ್ರಿಸ್ದ್ರಿ?" ಎಂದೆ.

"ಇದು ಮಿಷಿನ್ ಅಲ್ವಾ. ಇದ್ಕೂ ಬಾಲ ಐತೆ ಅಂತ ನಂಗೆ ಗೊತ್ತಾಗ್ಲಿಲ್ಲ" ಎಂದರು. ಆಮೇಲೆ ಮೆಲ್ಲನೆ, "ಗುಬ್ಬಿ ಓಯ್ತಾ?" ಎಂದು ಕೇಳಿದರು.

ಗುಬ್ಬಿ ಹೋಗಿರಲಿಲ್ಲ. ಡಿಸ್ಕಿನ ಒಳಗೆ ಬೆಚ್ಚಗೆ ಕೂತಿತ್ತು, ಬಾಗಿಲು ಮಾತ್ರ ಮುಚ್ಚಿಕೊಂಡಿತ್ತು. ಇದನ್ನು ನಾನು ಬಲ್ಲೆ, ಅವರಿಗೆ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಕಪ್ಪು ಪರದೆ ಕಂಡವರಿಗೆ ಒಳಗೆಲ್ಲ ಸುಟ್ಟು ಹೋದಂತೆಯೇ ಅನ್ನಿಸುತ್ತದೆ. ನನಗೆ ತಿಳಿಯದ ಹಾಗೆ ಧರ್ಮಪುರಿಯ ಬಸ್‌ಸ್ಟ್ಯಾಂಡಿನ ಹತ್ತಿರದ ರಿಪೇರಿಯವನಿಗೆ ಫೋನ್ ಮಾಡಿದರು. ಅವನು ಊರಿಗೆ ಹೋಗಿದ್ದ, ಪೊಂಗಲ್ ಮುಗಿದ ಮೇಲೇ ಅಂಗಡಿ ತೆರೆಯುವುದಂತೆ, ಬಂದ ಕೂಡಲೇ ಪೂರಾ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇನೆ ಎಂದನಂತೆ. ಫಾರ್ಮ್ಯಾಟ್ ಎಂದರೆ ಗುಬ್ಬಿಗಳ ಸಮೇತ ಎಲ್ಲ ಅಳಿಸುವುದು. ನೆಗಡಿ ಬಂತೆಂದು ಮೂಗು ಕೊಯ್ಯುವ ವೈದ್ಯ. ಮತ್ತೆ ಬರೆಯೋಣವೆಂದರೆ ದಿನಗಳು ಬೇಕು, ನೇಯಲು ಅದಕ್ಕಿಂತ ಹೆಚ್ಚು ದಿನ ಬೇಕು, ಮುಹೂರ್ತ ಯಾರಿಗೂ ಕಾಯುವುದಿಲ್ಲ. ಅಂಗಡಿಯ ಸೀರೆ ಹಿಡಿದು ಅಕ್ಕನ ಮನೆಯ ಮೆಟ್ಟಿಲು ಹತ್ತುವ ಚಿತ್ರ ಅವರ ಕಣ್ಣಲ್ಲಿ ಆಗಲೇ ಬಂದುಬಿಟ್ಟಿತ್ತು. ಕೆಂಪು ಹಾಸು ಹೂಡಿದ್ದ ಮಗ್ಗದ ಮೇಲೆ ಹೋಗಿ ಕೂತರು.

ತೈ ಹುಟ್ಟಿದರೆ ದಾರಿ ಹುಟ್ಟುತ್ತದೆ ಎಂಬುದು ಈ ಸೀಮೆಯ ಗಾದೆ. ಮರುದಿನ ತೈ ಹುಟ್ಟಿತು. ಅಂಗಳದಲ್ಲಿ ಹಾಲು ಉಕ್ಕಿತು, ಎಲ್ಲರ ಜೊತೆ ನಾನೂ ಪೊಂಗಲೋ ಪೊಂಗಲ್ ಎಂದೆ, ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದೆ. ದಾರಿ ನನಗೆ ಗೊತ್ತಿತ್ತು. ಇಡೀ ಲಿನಕ್ಸನ್ನು ತುಂಬಿಟ್ಟ ಒಂದು ಪೆನ್‌ಡ್ರೈವ್ ನನ್ನ ಬಳಿ ಸದಾ ಇರುತ್ತದೆ. ಅದನ್ನು ಚುಚ್ಚಿ ಮೆಷಿನ್ ಹಚ್ಚಿದರೆ ಡಿಸ್ಕಿನ ಮುಲಾಜಿಲ್ಲದೆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಏಳುತ್ತದೆ, ಅದರ ಕೈಯಿಂದ ಮುಚ್ಚಿದ ಬಾಗಿಲನ್ನು ತೆಗೆಸಬಹುದು. ಇಂಥದ್ದೊಂದು ಇಲ್ಲದೆ ಕರ್ನಲಿಗೆ ಕೈಹಾಕುವವರು ಹಗ್ಗವಿಲ್ಲದೆ ಬಾವಿಗೆ ಇಳಿಯುವವರು ಎಂದು ನಾನು ನಾಲ್ಕು ಜನಕ್ಕೆ ಬುದ್ಧಿ ಹೇಳಿದವಳು. ಅದನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಹಳೆಯ ಹಾರ್ಲಿಕ್ಸ್ ಡಬ್ಬಿಯಷ್ಟು ದೊಡ್ಡ ಒಂದು ಹಳದಿ ಡಬ್ಬಿಯಲ್ಲಿ ಇಟ್ಟಿದ್ದೆ. ಭರವಸೆಯಿಂದ ಕೈಚಾಚಿದೆ.

ಹಲಗೆ ಖಾಲಿಯಾಗಿತ್ತು. ಒರೆಸಿ, ಹೊಸ ಪೇಪರ್ ಹಾಸಿ, ಕನ್ನಡಿಯ ಹಾಗೆ ಇಟ್ಟಿತ್ತು. ಅದನ್ನು ಹಾಗೆ ಮಾಡಿದವಳು ನಾನೇ, ಹಿಂದಿನ ದಿನ, ಭೋಗಿಯ ಉತ್ಸಾಹದಲ್ಲಿ. ಬುಡ ಸೀಳಿದ ಹಳದಿ ಡಬ್ಬಿಯನ್ನು ಒಳಗೇನಿದೆಯೆಂದು ಕೂಡ ನೋಡದೆ ರಾಶಿಗೆ ಎಸೆದದ್ದು ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಆ ರಾಶಿಯಲ್ಲಿ ಒಂದಷ್ಟು ಬೂದಿಯಾಗಿತ್ತು, ಒಂದಷ್ಟು ಹಳೇ ಸಾಮಾನಿನವನ ಗಾಡಿ ಏರಿ ಹೋಗಿತ್ತು. ಊರೆಲ್ಲ ಹಬ್ಬ, ಇನ್ನೊಬ್ಬರ ಕಂಪ್ಯೂಟರ್ ಕೇಳಿ ಇನ್ನೊಂದು ಪೆನ್‌ಡ್ರೈವ್ ತಯಾರಿಸೋಣವೆಂದರೆ ಲಿನಕ್ಸ್ ಎಂಬ ಹೆಸರು ಕೇಳಿದವರೂ ನಮ್ಮ ಬೀದಿಯಲ್ಲಿಲ್ಲ. ನನ್ನ ಧೈರ್ಯ ಅಷ್ಟು ಹೊತ್ತಿಗೆ ಮೊದಲ ಬಾರಿ ಅಲುಗಿತು. ಇಬ್ಬರೂ ಒಂದೇ ದಿನ ಬಿಸಾಕಿದ್ದೆವು, ಅವರು ಒಳಗೆ, ನಾನು ಹೊರಗೆ.

ಮಗ್ಗದ ಕೋಣೆಗೆ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಹಳದಿ ಡಬ್ಬಿ ಎಂದ ಕೂಡಲೇ ಅವರು ತಲೆಯೆತ್ತಿದರು. ಎದ್ದು, ಸ್ಟೂಲು ಹಾಕಿ, ಅಟ್ಟದ ಮೇಲೆ ಕೈಯಾಡಿಸಿ, ಕುರ್ಚಿಯ ಮುರಿದ ಕೈಯ ಹಿಂದಿನಿಂದ ಆ ಡಬ್ಬಿಯನ್ನೇ ತೆಗೆದರು. ನಾನು ಎಸೆದ ಬೆನ್ನಿಗೇ, ಕಂಪ್ಯೂಟರಿನ ಮುಂದೆ ಕೂರುವ ಮೊದಲು, ರಾಶಿಯಿಂದ ಎತ್ತಿ ತಂದಿದ್ದರು. ಒಳಗೆ ಪೆನ್‌ಡ್ರೈವ್ ಇತ್ತು. ಅದು ಇದೆಯೆಂದು ಅವರಿಗೂ ಗೊತ್ತಿರಲಿಲ್ಲ. ಬುಡ ಒಡೆದ ಡಬ್ಬಿಯನ್ನು ಮತ್ತೆ ಯಾಕೆ ತಂದಿರಿ ಎಂದು ಕೇಳಿದೆ.

"ಮುಚ್ಚಳ ಚೆನ್ನಾಗೈತೆ" ಎಂದರು.

ಆ ಮುಚ್ಚಳಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನದು ಸಲೀಸು, ಹೇಳುತ್ತೇನೆ ಕೇಳಿ, ಯಾವತ್ತಾದರೂ ನಿಮಗೂ ಬೇಕಾದೀತು. ಪೆನ್‌ಡ್ರೈವಿನಿಂದ ಮೆಷಿನ್ ಎದ್ದಿತು, ಪರದೆ ಬೆಳಗಿತು. ನಮ್ಮ ಮನೆಯವರು ಆಗಲೇ ನಗಲು ಶುರುಮಾಡಿದರು, ತಡೆಯಿರಿ ಎಂದೆ. ರಿಪೇರಿಗಿಂತ ಮೊದಲು ಸಾಮಾನು ಹೊರಗೆ. ಡಿಸ್ಕಿನ ಬಾಗಿಲು ತೆರೆದು ಗುಬ್ಬಿಗಳನ್ನು ಇನ್ನೊಂದು ಪೆನ್‌ಡ್ರೈವಿಗೆ ದಾಟಿಸಿ ಅವರ ಅಂಗೈಯಲ್ಲಿಟ್ಟೆ. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಆಮೇಲೆ ಪೆನ್‌ಡ್ರೈವಿನ ಲಿನಕ್ಸಿನಿಂದ ಡಿಸ್ಕಿನ ಲಿನಕ್ಸಿನ ಮನೆಯೊಳಗೆ ಹೊಕ್ಕು, ಫೋನಿನ ಇಂಟರ್‌ನೆಟ್ಟನ್ನು ಕೇಬಲಿನಲ್ಲಿ ಕೊಟ್ಟು, ಮೊದಲು ಅವರು ಗುಡಿಸಿ ಹಾಕಿದ್ದ ಹಳೆಯ ಕರ್ನಲನ್ನೇ ಕರೆದು ತಂದು ಕೂರಿಸಿದೆ. ಹೊಸದನ್ನು ತೆಗೆಯಲಿಲ್ಲ, ಅದರದೇನು ತಪ್ಪು ಪಾಪ. ಎರಡಕ್ಕೂ ಅವುಗಳ ಅಳತೆ ತರಿಸಿ, ಎರಡಕ್ಕೂ ಬೇರೆಬೇರೆಯಾಗಿ ಡ್ರೈವರ್ ಹೊಲಿಸಿದೆ. ಹೊಲಿದಾಯಿತು ಎಂಬ ಉತ್ತರವನ್ನು ಕಣ್ಣಾರೆ ಓದಿಕೊಂಡೆ. ಮೆಷಿನ್ ಹಚ್ಚುವಾಗ ಬರುವ ಪಟ್ಟಿಯನ್ನು ಹೊಸದಾಗಿ ಬರೆಸಿದೆ. ಜಾಗ ಸಾಲದ ತಾಪತ್ರಯಕ್ಕೆ ಕಾರಣ ಹಳೆಯದಕ್ಕಿಂತಲೂ ಹಳೆಯ ಕಾಲದ ಕಡತಗಳು, ಅವನ್ನು ಮಾತ್ರ ಬಿಸಾಕಿದೆ. ನನ್ನ ಹಬ್ಬಕ್ಕೂ ಅಷ್ಟು ಮರ್ಯಾದೆ ಬೇಡವೇ?

ಪೆನ್‌ಡ್ರೈವ್ ಕಿತ್ತು ಮೆಷಿನ್ ಹಚ್ಚಿದಾಗ ಮೊದಲು ಹಳೆಯ ಕರ್ನಲಿನಲ್ಲಿ ಎಬ್ಬಿಸಿ ನೋಡಿದೆ, ಬಂತು. ಆಮೇಲೆ ಹೊಸದರಲ್ಲಿ, ಅದೂ ಬಂತು. ಪರದೆಯ ತುಂಬ ಗುಬ್ಬಿಗಳು. ಇವರು ಎದ್ದು ಮಗ್ಗದ ಕೋಣೆಗೆ ಹೋದರು. ಪೊಂಗಲ್ ದಿನ ಮಗ್ಗ ಮುಟ್ಟುವುದಿಲ್ಲ, ಪೂಜೆ ಮಾತ್ರ. ಕುಂಕುಮ ಇಟ್ಟು ಕೈಮುಗಿದರು. ಮಾರನೆಯ ದಿನ ಮಾಟ್ಟುಪ್ಪೊಂಗಲ್ ಎಂದು ಊರೆಲ್ಲ ದನಗಳ ಕೊಂಬಿಗೆ ಬಣ್ಣ ಬಳಿಯುತ್ತಿದ್ದಾಗ ನಮ್ಮ ಮನೆಯಿಂದ ಮಗ್ಗದ ಸದ್ದು ಕೇಳಿಸಿತು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಆ ತಿಂಗಳು ಕೇಳಲಿಲ್ಲ.

ಸೀರೆ ಮುಹೂರ್ತಕ್ಕೆ ಮೊದಲೇ ಮುಗಿಯಿತು. ಕಾರಿಮಂಗಲದ ಮದುವೆ ಮನೆಯಲ್ಲಿ ತಟ್ಟೆಯ ಮೇಲೆ ಸೀರೆ ಇಟ್ಟು ಕೊಟ್ಟಾಗ ಪವಿತ್ರಾ ಅಂಚನ್ನು ಬೆರಳಲ್ಲಿ ಸವರಿ, ಒಂದು ಗುಬ್ಬಿಯ ಮೇಲೆ ನಿಲ್ಲಿಸಿ, ಮಾವನ ಮುಖ ನೋಡಿದಳು. ಅವಳು ಹೋಗುವ ಮನೆ ಸೇಲಂ ಪೇಟೆಯಲ್ಲಿ, ಆ ಮನೆಯಲ್ಲಿ ಕನ್ನಡ ಬಲ್ಲವರು ಯಾರೂ ಇಲ್ಲ. ಅಲ್ಲಿನವರ ಹಾಗೆ ಇದ್ದುಬಿಡು, ನಮ್ಮ ರೂಢಿಯನ್ನೆಲ್ಲ ಮರೆತುಬಿಡು ಎಂದು ಬಂದ ಹೆಂಗಸರೆಲ್ಲ ಬೆಳಗಿನಿಂದ ಅವಳ ಕಿವಿ ತುಂಬಿದ್ದರು. ಹುಡುಗಿ ಅಳು ನುಂಗಿಕೊಂಡು ಕೂತಿದ್ದಳು. ಎಂದೂ ಬುದ್ಧಿಮಾತು ಹೇಳದ ನಮ್ಮ ಮನೆಯವರು ಅವಳ ತಲೆಯ ಮೇಲೆ ಕೈಯಿಟ್ಟರು.

"ಒಸ ಎಳೆ ಗಟ್ಟಿಯಾಗಿ ಇಡಿಯೋಗಂಟ ಅಳೇ ಎಳೆ ಬುಡಬ್ಯಾಡ ಕಣವ್ವ. ಅಲ್ಲಿ ತಮಿಳ್ನಾಗೇ ಮಾತಾಡು, ಚೆನ್ನಾಗಿರು. ದಿನಾ ಒಂದ್ಸಲ ನಮ್ಗೆ ಫೋನ್ ಮಾಡಿ ನಮ್ ಮಾತಾಡು."

"ಸರಿ ಮಾಮಾ" ಎಂದಳು. ಮೊನ್ನೆಮೊನ್ನೆಯವರೆಗೂ ಮಾವನಿಗೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಈಗ ಸಂಜೆಯಾದರೆ ಫೋನ್ ಮಾಡಿ ನಮ್ಮ ಮಾತಿನಲ್ಲೇ ಸಾಂಬಾರಿಗೆ ಎಷ್ಟು ಹುಳಿ ಎಂದು ಕೇಳುತ್ತಾಳೆ. ಅವಳ ಧ್ವನಿ ದಿನದಿನಕ್ಕೆ ಹಗುರಾಗುತ್ತಿದೆ.

ನನ್ನ ಮೆಷಿನ್ ಈಗಲೂ ಬೆಳಿಗ್ಗೆ ಏಳುವಾಗ ಕ್ಷಣ ಹೊತ್ತು ನಿಂತು ಪಟ್ಟಿ ತೋರಿಸುತ್ತದೆ, ಮೇಲೆ ಹೊಸದು, ಕೆಳಗೆ ಹಳೆಯದು. ನಾನು ಒತ್ತುವುದು ಹೊಸದನ್ನೇ. ಹಳೆಯದನ್ನು ಅಂದಿನಿಂದ ಇಂದಿನವರೆಗೆ ಒತ್ತುವ ಪ್ರಸಂಗ ಬಂದಿಲ್ಲ, ಆದರೂ ಅದು ಅಲ್ಲಿದೆ ಎಂದೇ ಹೊಸದನ್ನು ಇಷ್ಟು ಧೈರ್ಯವಾಗಿ ಒತ್ತುತ್ತೇನೆ. ಮೊನ್ನೆ ಮಗ್ಗದ ಕೋಣೆ ಗುಡಿಸುವಾಗ ಮೂಗು ಮುರಿದ ಒಂದು ಹೂಜಿ ಕೈಗೆ ಸಿಕ್ಕಿತು. ಕೈ ತಾನಾಗಿಯೇ ಹೊಸ್ತಿಲ ಕಡೆ ತಿರುಗಿತು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನೇ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮುಚ್ಚಳ ಚೆನ್ನಾಗೈತೆ" ಎಂದು ಅಟ್ಟದ ಮೇಲಿಟ್ಟೆ.